ಒಂದು ಟಿ ಕಡಿಮೆ

ಮೂವತ್ತೊಂದು ವರ್ಷದಿಂದ ಇದೇ ಕಿಟಕಿಯ ಹಿಂದೆ
ಹುಟ್ಟು, ಸಾವು, ಮದುವೆ, ಹುಲ್ಲುಗಾವಲಿನ ಪತ್ರ,
ಎಲ್ಲದರ ನೆತ್ತಿಗೂ ನಾನೇ ಒತ್ತಿದ ಮುದ್ರೆ:
ಪ್ಲಂಕೆಟ್ ಕೌಂಟಿ.
ಹೊರಗೆ ಗಾಳಿ. ಮರವಿಲ್ಲದ ಈ ಬಯಲಿನ ಗಾಳಿಗೆ
ತಡೆಯೆಂದರೆ ನಮ್ಮ ಕೋರ್ಟಿನ ಗೋಡೆ ಒಂದೇ.

ಬೇಸಿಗೆಯಲ್ಲಿ ಯಾರಾದರೂ ಕಾರು ನಿಲ್ಲಿಸಿ ಕೇಳುತ್ತಾರೆ,
ಟಾಯ್ಲೆಟ್ ಎಲ್ಲಿ ಎಂದು ಕೇಳಿಯಾದ ಮೇಲೆ:
ಯಾರಮ್ಮ ಈ ಪ್ಲಂಕೆಟ್?
ಯುದ್ಧ ಗೆದ್ದವನೋ? ಬೆಳ್ಳಿ ಅಗೆದವನೋ?
ಈ ಹೊಳೆಯನ್ನು ಮೊದಲು ದಾಟಿದವನೋ?

ಅಲ್ಲ ಸ್ವಾಮಿ. ಹಲ್ಲುನೋವಿದ್ದವನು.

ಆಗಿನ್ನೂ ಇದು ರಾಜ್ಯವಲ್ಲ, ಟೆರಿಟರಿ.
ಶಾಸನಸಭೆಯೆಂದರೆ ಹೋಟೆಲೊಂದರ ಊಟದ ಕೋಣೆ,
ಹದಿಮೂರು ಕುರ್ಚಿ, ಎರಡು ಒಲೆ, ಒಂದು ನಕ್ಷೆ.
ನಕ್ಷೆಗೆ ಅಡಿಕೋಲಿಟ್ಟು ಗೆರೆ ಎಳೆದರು.
ನೆಲ ನೋಡಿ ಎಳೆದದ್ದಲ್ಲ,
ಕಾಗದ ಮುಗಿಯುವವರೆಗೆ ಎಳೆದದ್ದು.
ಚೌಕ ಸಿದ್ಧ; ಹೆಸರಿನ ಜಾಗ ಖಾಲಿ.
ಗ್ರಿಸ್ವೋಲ್ಡನ ಹೆಸರೆತ್ತಿದರೆ ಟ್ರೆಡ್‌ವೆಲ್ ಮೇಜು ಗುದ್ದುತ್ತಾನೆ,
ಟ್ರೆಡ್‌ವೆಲನದೆಂದರೆ ಗ್ರಿಸ್ವೋಲ್ಡ್ ಟೋಪಿ ಎತ್ತಿಕೊಳ್ಳುತ್ತಾನೆ,
ಸತ್ತ ಸೇನಾಪತಿಯದಿಡೋಣವೆಂದರೆ
ಅರ್ಧ ಜನಕ್ಕೆ ಅವನತ್ತ ಗುಂಡು ಹಾರಿಸಿದ ನೆನಪು.
ಅಡುಗೆಮನೆಯಿಂದ ಹುರಿದ ಮಾಂಸದ ವಾಸನೆ ಬಂತು.
ಹದಿಮೂರನೆಯ ಕುರ್ಚಿ ಬರಿದಾಗಿತ್ತು.
ಅದರ ಯಜಮಾನ ಹೊಸಿಯಾ ಪ್ಲಂಕೆಟ್ ಬೀದಿಯಾಚೆ
ಕ್ಷೌರಿಕನ ಕುರ್ಚಿಯಲ್ಲಿ ಬಾಯಿ ಬಿಟ್ಟು, ಕಾಲು ಝಾಡಿಸುತ್ತ
ದವಡೆ ಹಲ್ಲು ಕೀಳಿಸಿಕೊಳ್ಳುತ್ತಿದ್ದ.

ಇದ್ದವರ ಹೆಸರಿಗೆ ಇದ್ದವರದೇ ಅಡ್ಡಗಾಲು;
ಇಲ್ಲದವನ ಮೇಲೆ ಯಾರಿಗೆ ಹೊಟ್ಟೆಕಿಚ್ಚು?
ಹನ್ನೆರಡು ಕೈ ಎದ್ದವು. ಹನ್ನೆರಡು ಜನ ಊಟಕ್ಕೆದ್ದರು.
ಗುಮಾಸ್ತ ಬರೆದುಕೊಂಡ. ಅವನಿಗೂ ಹಸಿವು:
ಕೊನೆಯ ಎರಡು ಟಿಯಲ್ಲಿ ಒಂದನ್ನು ನುಂಗಿಬಿಟ್ಟ.
ಪ್ಲಂಕೆಟ್ ಮರಳಿ ಬಂದಾಗ ಬಾಯ್ತುಂಬ ಹತ್ತಿ.
ಸುದ್ದಿ ಕೇಳಿ ಏನೋ ಗೊಣಗಿದ.
ಬೇಡ ಎಂದನೋ ಆಗಲಿ ಎಂದನೋ ತಿಳಿಯದೆ
ಆಗಲಿ ಎಂದೇ ದಾಖಲಾಯಿತು.

ಇಲ್ಲಿ ಆಗಲೇ ಜನ ಇದ್ದರು, ಅದನ್ನೂ ಹೇಳಬೇಕು.
ಅವರ ಕೈಗಳನ್ನು ಯಾರೂ ಎಣಿಸಲಿಲ್ಲ.
ಕಾಡುಚೆರ್ರಿಯ ಜಾಮ್ ಮಾರಲು ಬರುವ ಡೆಲ್ಫೀನ್ ಐರನ್‌ಕ್ಲೌಡ್
ಒಮ್ಮೆ ಹೇಳಿದಳು: ಹೊಳೆ ಮೊಣಕೈ ಮಡಚುವ ಈ ತಾವಿಗೆ
ನಮ್ಮಜ್ಜಿಯ ಬಾಯಲ್ಲಿ ಬೇರೆ ಮಾತಿತ್ತು.
ಬರೆದುಕೊಳ್ಳಲೇ ಎಂದೆ.
ನಿನ್ನ ಫಾರಮ್ಮಿನಲ್ಲಿ ಎಷ್ಟು ಮನೆ ಇದೆ ಎಂದು ನಕ್ಕಳು,
ಸೀಸೆಗೆ ನಾಲ್ಕು ಡಾಲರ್ ಎಂದಳು.

ಪ್ಲಂಕೆಟ್ ಇಲ್ಲಿಗೆ ಬಂದನೇ? ಬಂದ. ಒಮ್ಮೆ.
ಹತ್ತೊಂಬತ್ತು ವರ್ಷದ ಮೇಲೆ,
ಎರಡು ಚುನಾವಣೆ, ಒಂದು ಬ್ಯಾಂಕು, ಒಬ್ಬ ಹೆಂಡತಿ,
ಎಲ್ಲ ಕಳೆದುಕೊಂಡು, ಬಾಡಿಗೆ ಹೇಸರಗತ್ತೆಯ ಮೇಲೆ,
ಹರಾಜಿನಲ್ಲಿ ಹಿಡಿದ ನಲವತ್ತು ಎಕರೆಯ ಪತ್ರ ಹಿಡಿದು.
ಇದೇ ಕಿಟಕಿ. ಆಗಿನ ಗುಮಾಸ್ತ ನಮ್ಮಜ್ಜಿಯ ಅಣ್ಣ ಆಸ್ಮುಂಡ್,
ನಾರ್ವೆಯಿಂದ ಬಂದು ಇಂಗ್ಲಿಷ್ ಕಲಿತದ್ದೇ ಈ ಮುದ್ರೆ ನೋಡಿ.

ಹೆಸರು?
ಪ್ಲಂಕೆಟ್.
ಊರಿನದಲ್ಲ, ನಿಮ್ಮದು.
ಪ್ಲಂಕೆಟ್. ಕೊನೆಗೆ ಎರಡು ಟಿ.
ಆಸ್ಮುಂಡ್ ಗೋಡೆಯ ಫಲಕ ತೋರಿಸಿದನಂತೆ, ಕನಿಕರದಿಂದಲೇ:
ಯಜಮಾನರೇ, ನಮ್ಮಲ್ಲಿ ಒಂದೇ.
ತಪ್ಪು ಬರೆದರೆ ಪತ್ರ ನಿಲ್ಲುವುದಿಲ್ಲ.

ಆ ರಿಜಿಸ್ಟರು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿದೆ.
ಕೈ ಒರೆಸಿಕೊಂಡವರಿಗೆ ಮಾತ್ರ ತೋರಿಸುತ್ತೇನೆ.
ಪುಟ ಇನ್ನೂರ ಹದಿನಾಲ್ಕು. ಕಂದಿದ ಶಾಯಿ.
ಎರಡು ಟಿ ಬರೆದುಬಿಟ್ಟಿದ್ದಾನೆ, ಕೈಯ ರೂಢಿ.
ಆಮೇಲೆ ಕೊನೆಯದರ ಮೇಲೊಂದು ಗೆರೆ,
ನೇರ, ಅಡಿಕೋಲಿಟ್ಟು ಎಳೆದ ಹಾಗೆ.

ನೋಡಿದವರು ಹೂಂ ಎನ್ನುತ್ತಾರೆ.
ಮುಂದಿನ ಪೆಟ್ರೋಲ್ ಬಂಕು ಎಷ್ಟು ದೂರ ಎನ್ನುತ್ತಾರೆ.
ಅರವತ್ತೆರಡು ಮೈಲಿ, ಎನ್ನುತ್ತೇನೆ.
ಅಷ್ಟೂ ಪ್ಲಂಕೆಟ್ಟೇ.